ಕೈಯಲ್ಲಿ ಕೆತ್ತಿದ ಮರದ ಲೂರ್ ಮೇಲೆ ಯಾಕಿಷ್ಟು ಮೋಹ?

ನೀರುಕಾಗೆ:
ಲೂರ್ ಅಂದರೆ ಮೀನನ್ನು ಸೆಳೆಯಲು ಗಾಳದ ದಾರಕ್ಕೆ ಕಟ್ಟುವ ನಕಲಿ ಮೀನು. ಪ್ಲಾಸ್ಟಿಕ್ ಲೂರ್ ಚೆನ್ನಾಗೇ ಈಜುತ್ತದೆ, ಬೀಸಿದರೆ ದೂರ ಹೋಗುತ್ತದೆ, ಕಲ್ಲಿಗೆ ಬಡಿದರೂ ಸುಲಭಕ್ಕೆ ಒಡೆಯುವುದಿಲ್ಲ, ಕಳೆದುಹೋದರೆ ಅದೇ ಥರದ್ದು ಇನ್ನೊಂದು ತರಬಹುದು. ಹೀಗಿದ್ದರೂ ಗಾಳದ ಹುಚ್ಚು ಸ್ವಲ್ಪ ಜಾಸ್ತಿ ಇರುವವರ ಪೆಟ್ಟಿಗೆ ತೆಗೆಸಿ ನೋಡಿದರೆ ಮರದ್ದು ಒಂದೆರಡು ಇದ್ದೇ ಇರುತ್ತವೆ. ಅವನ್ನು ಮಾತ್ರ ಬೇರೆಯಾಗಿ ಬಟ್ಟೆಯಲ್ಲಿ ಸುತ್ತಿಟ್ಟಿರುತ್ತಾರೆ. ಕೇಳಿದರೆ "ಮರದ್ದರ ಆಟವೇ ಬೇರೆ" ಅನ್ನುತ್ತಾರೆ. ಏನು ಬೇರೆ ಅಂದರೆ ಕೈ ಅಲ್ಲಾಡಿಸಿ ತೋರಿಸುತ್ತಾರೆ, ಬಾಯಲ್ಲಿ ಹೇಳುವುದಿಲ್ಲ. ಮರಕ್ಕೆ ನಿಜವಾಗಿಯೂ ಏನಾದರೂ ಗುಣ ಇದೆಯಾ, ಇಲ್ಲ ಹಳೆಯದರ ಮೇಲಿನ ಪ್ರೀತಿ ಅಷ್ಟೇನಾ? ಗೊತ್ತಿದ್ದವರು ಬಿಡಿಸಿ ಹೇಳಿ.

ಮರಹುಳ:
ಗುಣ ಇದೆ. ಆದರೆ ಎಲ್ಲ ಮರಕ್ಕೂ ಇಲ್ಲ, ಎಲ್ಲ ಕಡೆಗೂ ಅಲ್ಲ.

ಲೂರ್‌ಗೆ ಬಳಸುವ ಎಬಿಎಸ್ ಪ್ಲಾಸ್ಟಿಕ್ ನೀರಿಗಿಂತ ಸ್ವಲ್ಪ ಭಾರ. ಗಟ್ಟಿ ತುಂಡಾಗಿ ಮಾಡಿದರೆ ಮುಳುಗುತ್ತದೆ. ಅದಕ್ಕೇ ಎರಡು ಹೋಳು ಮಾಡಿ, ಒಳಗೆ ಗಾಳಿ ಬಿಟ್ಟು, ಅಂಚು ಕೂಡಿಸಿ ಬೆಸೆಯುತ್ತಾರೆ. ಅಂದರೆ ಅದರ ತೂಕದಲ್ಲಿ ದೊಡ್ಡ ಪಾಲು ಹೊರಗಿನ ಸಿಪ್ಪೆಯಲ್ಲೇ ಇರುತ್ತದೆ. ಬಾಲ್ಸಾ ಮರದ್ದು ಹಾಗಲ್ಲ. ಅದು ಒಳಗೂ ಹೊರಗೂ ಒಂದೇ ಸಮ ಹಗುರ. ಘನ ಮೀಟರಿಗೆ ಸುಮಾರು 160 ಕಿಲೋ ಅಷ್ಟೇ, ನೀರು 1000 ಕಿಲೋ. ತೂಕ ಬೇಕಾದಲ್ಲಿ ಹೊಟ್ಟೆಯ ಕೆಳಗೆ, ನಡುಗೆರೆಯ ಮೇಲೆ, ಒಂದು ತುಂಡು ಸೀಸ ಇಟ್ಟರೆ ಮುಗಿಯಿತು. ತೂಕವೆಲ್ಲ ನಡುವಿನಲ್ಲಿ ಕೂತಿರುವ ವಸ್ತು ಬೇಗ ಹೊರಳುತ್ತದೆ, ತೂಕ ಅಂಚಿನಲ್ಲಿರುವುದು ನಿಧಾನ. ಮೇಲ್ಭಾಗ ಅಷ್ಟು ತೇಲುವುದರಿಂದ ಅದು ನೆಟ್ಟಗಾಗಲು ಒದ್ದಾಡುತ್ತದೆ, ಮೂಗಿನಡಿ ತುಟಿಯಂತೆ ಚಾಚಿರುವ ಹಾಳೆ, ಅಂದರೆ ಲಿಪ್, ಅದನ್ನು ಎಡಕ್ಕೂ ಬಲಕ್ಕೂ ತಳ್ಳುತ್ತದೆ. ಈ ಎರಡರ ಜಗಳದಲ್ಲಿ ಹುಟ್ಟುವುದೇ ಆ ನಡುಕ. ರೀಲ್ ಬಹಳ ನಿಧಾನಕ್ಕೆ ಸುತ್ತಿದಾಗಲೂ ಬಾಲ್ಸಾ ಲೂರ್ ಅಲ್ಲಾಡುತ್ತಿರುತ್ತದೆ. ನಿಮಗೆ ಕೈ ಅಲ್ಲಾಡಿಸಿ ತೋರಿಸಿದರಲ್ಲ, ಅದು ಇದೇ.

ಇನ್ನೊಂದು, ಸದ್ದು. ಪ್ಲಾಸ್ಟಿಕ್‌ನ ಒಳಗೆ ಖಾಲಿ, ಸಾಮಾನ್ಯವಾಗಿ ಗುಂಡುಗಳನ್ನೂ ಹಾಕಿರುತ್ತಾರೆ, ಗಲಗಲ ಅನ್ನುತ್ತದೆ. ಮರದ್ದು ಮೌನಿ. ಕೊಂಬೆಗೆ ತಗುಲಿದರೆ ಒಂದು ಮಂದವಾದ ಟಕ್, ಅಷ್ಟೇ. ತಿಳಿನೀರಲ್ಲಿ, ಗಾಳದ ಕಾಟ ಜಾಸ್ತಿ ಇರುವ ಕಡೆ, ಗಲಾಟೆ ಇಲ್ಲದಿರುವುದೇ ಲಾಭ ಅಂತ ನನ್ನ ಲೆಕ್ಕ. ಕಲಕು ನೀರಲ್ಲಿ ಉಲ್ಟಾ ಆಗಬಹುದು.

ಸೀಸದಗುಂಡು:
ಲೆಕ್ಕ ಒಪ್ಪಿದೆ ಮರಹುಳ ಅವರೇ. ಆದರೆ ಮೀನಿಗೆ ಈ ಲೆಕ್ಕ ಗೊತ್ತಾ? ಮೈ ಪಕ್ಕದ ಗೆರೆಯಿಂದ ಅದು ನೀರಿನ ಅಲುಗಾಟ ಹಿಡಿಯುತ್ತದೆ, ಸರಿ. ಕಣ್ಣಿಗೆ ಮಿಂಚು ಕಾಣುತ್ತದೆ, ಅದೂ ಸರಿ. ಹಸಿದ ಮೀನು ಹೊಳೆಯುವ ಚಮಚಕ್ಕೂ ಬಾಯಿ ಹಾಕುತ್ತದೆ ಮಾರಾಯ್ರೆ. ಮರದ ಲೂರ್ ಇಟ್ಟುಕೊಂಡವನು ಅದನ್ನೇ ಜಾಸ್ತಿ ಹೊತ್ತು ಬೀಸುತ್ತಾನೆ, ಒಳ್ಳೆ ಜಾಗದಲ್ಲೇ ಬೀಸುತ್ತಾನೆ, ಕಳೆದುಹೋದೀತು ಅಂತ ಎಚ್ಚರದಿಂದ ಎಳೆಯುತ್ತಾನೆ. ಮೀನು ಬಿದ್ದಾಗ ಹೆಸರು ಮರಕ್ಕೆ.

ಮರದ ಕಡೆಯವರು ಬಾಯಿ ಬಿಡದ ವಿಷಯಗಳೂ ಇವೆ. ಬಾಲ್ಸಾ ಹಗುರ ಅಂದಿರಲ್ಲ, ಎದುರುಗಾಳಿಗೆ ಬೀಸಿ ನೋಡಿ. ತಿರುಗಿ ಮುಖದ ಕಡೆಗೇ ಬರುತ್ತದೆ. ಪ್ಲಾಸ್ಟಿಕ್‌ನಲ್ಲಿ ಬೀಸುವಾಗ ಗುಂಡು ಬಾಲಕ್ಕೆ ಜಾರಿ, ಎಳೆಯುವಾಗ ಮುಂದಕ್ಕೆ ಬರುವ ವ್ಯವಸ್ಥೆ ಇದೆ. ಗಟ್ಟಿ ಮರದ ತುಂಡಿನಲ್ಲಿ ಅದನ್ನು ಕೂರಿಸುವುದು ದೊಡ್ಡ ತಾಪತ್ರಯ. ಒಂದು ಹಲ್ಲು ಪೇಂಟ್ ದಾಟಿತೋ, ನೀರು ಒಳಗೆ. ಮರ ಉಬ್ಬಿತು, ಬಣ್ಣ ಬಿರುಕು ಬಿಟ್ಟಿತು, ಕಥೆ ಮುಗಿಯಿತು.

ಹಳೇಗಾಳ:
ಸೀಸದಗುಂಡು ಸರ್ ಹೇಳುವುದರಲ್ಲಿ ಹುರುಳಿಲ್ಲ ಅನ್ನುವುದಿಲ್ಲ. ಆದರೆ ಈಗ ಕಾರ್ಖಾನೆಯಿಂದ ಬರುವ ಎಷ್ಟೋ ಲೂರ್‌ಗಳ ತಾಯಿಬೇರು ಯಾರೋ ಒಬ್ಬರು ಚಾಕು ಹಿಡಿದು ಕೂತಿದ್ದರಲ್ಲೇ ಇದೆ.

ಫಿನ್‌ಲೆಂಡಿನ ಲೌರಿ ರಾಪಲಾ ಹೊಟ್ಟೆಪಾಡಿಗೆ ಮೀನು ಹಿಡಿಯುತ್ತಿದ್ದ ಮನುಷ್ಯ. ಸಣ್ಣ ಮೀನಿನ ಹಿಂಡಿನಲ್ಲಿ ಸೊಟ್ಟಗೆ ಈಜುವ ಒಂದನ್ನೇ ದೊಡ್ಡ ಮೀನು ಹುಡುಕಿ ಹಿಡಿಯುತ್ತದೆ ಅನ್ನುವುದನ್ನು ದೋಣಿಯಲ್ಲಿ ಕೂತು ಗಮನಿಸಿದ್ದ. 1936ರಲ್ಲಿ ಕಾರ್ಕ್ ತುಂಡು ಕೆತ್ತಿ, ಚಾಕೊಲೇಟ್ ಸುತ್ತಿದ ತಗಡು ಕಾಗದ ಅಂಟಿಸಿ, ಮೇಲೆ ವಾರ್ನಿಷ್ ಬದಲು ಫೋಟೋ ನೆಗೆಟಿವ್ ಕರಗಿಸಿ ಬಳಿದ. ಅಂದರೆ ಕೈಗೆ ಸಿಕ್ಕಿದ್ದರಲ್ಲೇ ಮಾಡಿದ್ದು. ಬಾಲ್ಸಾ ಬಂದಿದ್ದು ಆಮೇಲೆ. 1962ರ ಆಗಸ್ಟಿನಲ್ಲಿ ಅಮೆರಿಕದ ಲೈಫ್ ಪತ್ರಿಕೆ ಈ ಲೂರ್ ಬಗ್ಗೆ ಬರೆಯಿತು. ಆ ಸಂಚಿಕೆಯ ಮುಖಪುಟದಲ್ಲಿ ಆಗಷ್ಟೇ ತೀರಿಕೊಂಡಿದ್ದ ಮರ್ಲಿನ್ ಮನ್ರೋ ಇದ್ದಿದ್ದರಿಂದ ಎಲ್ಲರೂ ಮುಗಿಬಿದ್ದು ಕೊಂಡರು, ಲೂರ್ ಸುದ್ದಿಯೂ ಅವರ ಜೊತೆ ಮನೆ ಸೇರಿತು. ಅದೃಷ್ಟ ಅಂದರೆ ಹೀಗಿರಬೇಕು!

ಇನ್ನೊಬ್ಬ ಟೆನೆಸ್ಸಿಯ ಫ್ರೆಡ್ ಯಂಗ್. ಬಾಲ್ಸಾದಲ್ಲಿ ಗುಂಡಗೆ, ಹೊಟ್ಟೆ ದಪ್ಪವಾದ ಲೂರ್ ಕೆತ್ತಿ, ದಪ್ಪಗಿದ್ದ ತನ್ನ ಅಣ್ಣತಮ್ಮಂದಿರಲ್ಲಿ ಒಬ್ಬನಾದ ಓಡಿಸ್ ನೆನಪಿಗೆ 'ಬಿಗ್ ಓ' ಅಂತ ಹೆಸರಿಟ್ಟ. ಒಂದೊಂದಕ್ಕೂ ಅಂಕಿ ಹಾಕಿ ಸಹಿ ಮಾಡುತ್ತಿದ್ದ. ಬಾಸ್ ಮೀನು ಹಿಡಿಯುವ ಪಂದ್ಯಗಳ ಜನ ಅದಕ್ಕಾಗಿ ಹೇಗೆ ಬಡಿದಾಡಿದರು ಅಂದರೆ, ಇದ್ದವರು ಇಲ್ಲದವರಿಗೆ ದಿನದ ಬಾಡಿಗೆಗೆ ಕೊಡುತ್ತಿದ್ದರಂತೆ. 1973ರಲ್ಲಿ ಕಾಟನ್ ಕಾರ್ಡೆಲ್ ಕಂಪನಿ ಅದನ್ನು ಪ್ಲಾಸ್ಟಿಕ್‌ನಲ್ಲಿ ತಂದಿತು. ಈಗಿನ ಗುಂಡು ಹೊಟ್ಟೆಯ, ಲಿಪ್ ಇರುವ ಲೂರ್‌ಗಳೆಲ್ಲ, ಅಂದರೆ ಕ್ರ್ಯಾಂಕ್‌ಬೈಟ್‌ಗಳೆಲ್ಲ, ಅದರ ಸಂತಾನವೇ ಅನ್ನಬಹುದು.

ನೀರುಕಾಗೆ:
ಬಾಡಿಗೆಗೆ ಲೂರ್! ನೀರೊಳಗಿನ ಕೊಂಬೆಗೆ ಸಿಕ್ಕಿ ತುಂಡಾದರೆ ಏನು ಗತಿ?

ಹಳೇಗಾಳ:
ಅದಕ್ಕೆ ಮುಂಗಡ ಇಸ್ಕೊಳ್ಳುತ್ತಿದ್ದರಂತೆ. 😄

ನನ್ನದು ಬಳಸುವ ಹುಚ್ಚಿಗಿಂತ ಇಟ್ಟುಕೊಳ್ಳುವ ಹುಚ್ಚು. ಹೆಡ್ಡನ್, ಕ್ರೀಕ್ ಚಬ್ ಎಂಬ ಅಮೆರಿಕದ ಕಂಪನಿಗಳ ಹಳೆಯ ಲೂರ್‌ಗಳಿಗೆ ಗಾಜಿನ ಕಣ್ಣು. ಬಣ್ಣದ ಮೇಲೆ ಸಣ್ಣ ಸಣ್ಣ ಬಿರುಕಿನ ಬಲೆ ಹರಡಿರುತ್ತದೆ. ಅದರಡಿ ಹಿಂದಿನವರು ಬಳಿದ ಪದರಗಳು ಕಾಣುತ್ತವೆ. ಮೈಮೇಲೆ ಕೊಕ್ಕೆ ಉಜ್ಜಿ ಉಜ್ಜಿ ಅರ್ಧ ಚಂದ್ರದ ಗೀರು ಬಿದ್ದಿರುತ್ತದೆ. ಅಂಥದ್ದನ್ನು ತಿಕ್ಕಿ ಹೊಸ ಬಣ್ಣ ಹೊಡೆಯುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಸಂಗ್ರಹಕಾರರ ಲೆಕ್ಕದಲ್ಲೂ ಹೊಸ ಬಣ್ಣ ಬಿದ್ದ ಕೂಡಲೇ ಅದರ ಬೆಲೆ ಇಳಿಯುತ್ತದೆ.

ಮರಹುಳ:
ಇಲ್ಲಿ ನನ್ನ ದಾರಿ ಬೇರೆ. ಗಾಜಿನ ಪೆಟ್ಟಿಗೆಯಲ್ಲಿ ಇಟ್ಟ ಲೂರ್ ನನಗೆ ಅರ್ಧ ಲೂರ್. ಅದು ನೀರಿಗೆ ಬಿದ್ದು ಏನು ಮಾಡುತ್ತದೆ ಅನ್ನುವುದಲ್ಲವಾ ವಿಷಯ?

ಸೀಸದಗುಂಡು ಅವರಿಗೂ ಇದೇ ಉತ್ತರ. ಮರ ಜಾಸ್ತಿ ಮೀನು ಕೊಡುತ್ತದೆ ಅಂತ ನಾನು ವಾದ ಮಾಡುವುದೇ ಇಲ್ಲ. ಅದನ್ನು ಸಾಬೀತು ಮಾಡಲಿಕ್ಕೆ ಆಗದು. ಮರದ ಮೋಹ ಇರುವುದು ಅದು ಮಾತು ಕೇಳುವುದರಲ್ಲಿ. ಪ್ಲಾಸ್ಟಿಕ್ ಲೂರ್ ನಿಮಗೆ ಹೇಗೆ ಸಿಕ್ಕಿತೋ ಹಾಗೇ ಇರುತ್ತದೆ. ಮರದ್ದರಲ್ಲಿ ಲಿಪ್ ಸ್ವಲ್ಪ ಅರ ಹಾಕಿ, ಬಾಲದ ಕಡೆ ಒಂದು ಚೂರು ತೆಳ್ಳಗೆ ಮಾಡಿ, ಸೀಸವನ್ನು ಅರ್ಧ ಸೆಂಟಿಮೀಟರ್ ಹಿಂದಕ್ಕೆ ಇಡಿ. ನೀರು ತಕ್ಷಣ ಉತ್ತರ ಕೊಡುತ್ತದೆ. ಲಿಪ್ ನೆಟ್ಟಗೆ ಕೆಳಕ್ಕೆ ನಿಂತಿದ್ದರೆ ಲೂರ್ ಮೇಲ್ಮೈ ಹತ್ತಿರವೇ ಅಗಲವಾಗಿ ಓಲಾಡುತ್ತದೆ. ಅದೇ ಲಿಪ್ಪನ್ನು ಮೂಗಿನ ನೇರಕ್ಕೆ ಮುಂದಕ್ಕೆ ಚಾಚಿದರೆ, ಉದ್ದ ಮಾಡಿದರೆ, ಆಳಕ್ಕೆ ಧುಮುಕುತ್ತದೆ, ಓಲಾಟ ಬಿಗಿಯಾಗುತ್ತದೆ. ಇದನ್ನು ಓದಿ ತಿಳಿಯುವುದು ಬೇರೆ, ಬಣ್ಣ ಹಚ್ಚದ ಬೋಳು ತುಂಡಿಗೆ ಲೈನ್ ಕಟ್ಟಿ ದಂಡೆಯ ಪಕ್ಕದಲ್ಲಿ ಎಳೆದು ನೋಡುವುದು ಬೇರೆ. ಮೊದಲ ಎರಡು ಅಡಿ ಸುಮ್ನೆ ಕಡ್ಡಿಯಂತೆ ಬರುತ್ತದೆ. ಆಮೇಲೆ ಲಿಪ್ ನೀರು ಕಚ್ಚುತ್ತದೆ, ತಲೆ ತಗ್ಗುತ್ತದೆ, ಬಾಲ ಒಮ್ಮೆ ಆ ಕಡೆ ಒಮ್ಮೆ ಈ ಕಡೆ ಹೋಗಲು ಶುರುವಾಗಿ ರಾಡಿನ ತುದಿ ಜುಮ್ ಅನ್ನುತ್ತದೆ. ಆಗ ಮೀನು ಇದ್ದರೇನು ಬಿಟ್ಟರೇನು, ನಾನಂತೂ ಇನ್ನೊಂದು ಸಲ ಎಳೆಯುತ್ತೇನೆ.

ಅರ್ಧಬರ್ಧ:
ಇದನ್ನು ಓದಿ ನನಗೂ ಕೈ ತುರಿಸುತ್ತಿದೆ. ಚಾಕು ಇದೆ, ಸ್ಯಾಂಡ್ ಪೇಪರ್ ಇದೆ, ತಾಳ್ಮೆ ಅಷ್ಟಕ್ಕಷ್ಟೇ. ಯಾವ ಮರದಿಂದ ಶುರು ಮಾಡಲಿ? ಬಾಲ್ಸಾನೇ ತರಲಾ?

ಮರಹುಳ:
ಬಾಲ್ಸಾ ಕೆತ್ತುವುದು ಸುಲಭ ಅನ್ನಿಸುತ್ತದೆ, ಆದರೆ ಉಗುರು ಒತ್ತಿದರೂ ಗುಂಡಿ ಬೀಳುತ್ತದೆ, ಸ್ಯಾಂಡ್ ಪೇಪರ್ ಎರಡು ಸಲ ಜಾಸ್ತಿ ಎಳೆದರೆ ಒಂದು ಕಡೆ ಸಪಾಟು. ಮೊದಲ ಸಲಕ್ಕೆ ಬಾಸ್‌ವುಡ್ ಅಥವಾ ಪೌಲೋನಿಯಾ ಒಳ್ಳೆಯದು. ಬಾಸ್‌ವುಡ್ ಎಳೆ ನುಣುಪು, ಚಾಕು ಎತ್ತ ತಿರುಗಿಸಿದರೂ ಸುಲಭಕ್ಕೆ ಸೀಳುವುದಿಲ್ಲ. ಘನ ಮೀಟರಿಗೆ ಸುಮಾರು 400 ಕಿಲೋ ಇರುವುದರಿಂದ ಬೀಸಲಿಕ್ಕೂ ತೂಕ ಸಿಗುತ್ತದೆ. ಸೀಡರ್ ಕೂಡ ಚೆನ್ನ. ಮೇಪಲ್‌ನಂಥ ಗಟ್ಟಿ ಮರ 700ರ ಹತ್ತಿರ. ಅದು ಸಮುದ್ರದಲ್ಲಿ ದೂರ ಎಸೆಯುವ ದೊಡ್ಡ ಲೂರ್‌ಗಳಿಗೆ, ಅದೂ ಮರ ತಿರುಗಿಸಿ ಕೆತ್ತುವ ಲೇತ್ ಯಂತ್ರ ಇದ್ದವರಿಗೆ.

ಕೆತ್ತುವ ಮೊದಲೇ, ತುಂಡು ಇನ್ನೂ ಚೌಕವಾಗಿರುವಾಗಲೇ, ನಡುಗೆರೆ ಎಳೆದುಕೊಂಡುಬಿಡಿ. ಲಿಪ್‌ಗೆ ಸೀಳು ಹಾಕುವುದು, ಕೊಕ್ಕೆಯ ತಂತಿಗೆ ತೂತು ಹೊಡೆಯುವುದು, ಸೀಸಕ್ಕೆ ಗುಂಡಿ ತೋಡುವುದು, ಎಲ್ಲ ಆಗಲೇ ಮುಗಿಸಿ. ದುಂಡಗೆ ಮಾಡಿದ ಮೇಲೆ ನೇರ ಸೀಳು ಹಾಕುವುದು ಅಂದರೆ ದೇವರೇ ಗತಿ. ಲಿಪ್ ಸೊಟ್ಟಗಾದರೆ ಆ ಲೂರ್ ಜೀವಮಾನದಲ್ಲಿ ನೇರ ಈಜುವುದಿಲ್ಲ. ಲಿಪ್‌ಗೆ ಒಂದೂವರೆ ಮಿಲಿಮೀಟರ್ ದಪ್ಪದ ಪಾಲಿಕಾರ್ಬೊನೇಟ್ ಹಾಳೆ ಸಾಕು.

ಸೀಸದಗುಂಡು:
ದೊಡ್ಡ ಮೀನಿನ ಆಸೆ ಇದ್ದರೆ ಕೊಕ್ಕೆ ಸಿಕ್ಕಿಸಲು ಬರೀ ಸ್ಕ್ರೂ ಕಣ್ಣು (ತಿರುಗಿಸಿ ಕೂರಿಸುವ ಉಂಗುರ) ಹಾಕಿ ಬಿಡಬೇಡಿ ಅರ್ಧಬರ್ಧ. ಮೆದು ಮರದಿಂದ ಅದು ಬೇರು ಸಮೇತ ಕಿತ್ತು ಬರುತ್ತದೆ. ಮೂಗಿನಿಂದ ಬಾಲದವರೆಗೆ ಒಂದೇ ಸ್ಟೀಲ್ ತಂತಿ ಹಾಯಿಸಿ. ಮರ ಎರಡು ಹೋಳಾದರೂ ಲೈನಿಗೂ ಕೊಕ್ಕೆಗೂ ಸಂಬಂಧ ಉಳಿದಿರುತ್ತದೆ, ಮೀನು ಉಳಿಯುತ್ತದೆ. ಮರದ್ದನ್ನು ನಾನು ಹೊಗಳದಿದ್ದರೂ ಇದನ್ನು ಹೇಳಲೇಬೇಕು.

ಹಳೇಗಾಳ:
ದೂಳಿನ ವಿಷಯ ಯಾರೂ ಎತ್ತಲಿಲ್ಲ. ಕೆಂಪು ಸೀಡರ್ ವಾಸನೆ ಹಿತವಾಗಿರುತ್ತದೆ ಅಂತ ಮೂಗು ಹತ್ತಿರ ಇಟ್ಟು ಉಜ್ಜಬೇಡಿ. ಅದರಲ್ಲಿ ಪ್ಲಿಕಾಟಿಕ್ ಆಸಿಡ್ ಅಂತ ಇದೆ. ಮರದ ಮಿಲ್ಲಿನಲ್ಲಿ ವರ್ಷಗಟ್ಟಲೆ ಆ ದೂಳು ಕುಡಿದವರಲ್ಲಿ ಕೆಲವರಿಗೆ ಅದರಿಂದಲೇ ಅಸ್ತಮಾ ಬಂದಿದೆ. ಒಳ್ಳೆ ಮಾಸ್ಕ್ ಹಾಕಿಕೊಳ್ಳಿ. ಸೀಸ ಮುಟ್ಟಿದ ಕೈ ತೊಳೆಯದೆ ಬಾಯಿಗೆ ಏನೂ ಹಾಕಬೇಡಿ. ಸೀಸ ಬೇಡ ಅಂದರೆ ಟಂಗ್‌ಸ್ಟನ್ ಇದೆ. ಅದು ಇನ್ನೂ ಭಾರ, ಹಾಗಾಗಿ ಗುಂಡಿ ಚಿಕ್ಕದು ಸಾಕು, ಆದರೆ ಕತ್ತರಿಸಲು ಬಗ್ಗದು. ಹಿತ್ತಾಳೆ ಕತ್ತರಿಸಬಹುದು, ಆದರೆ ಅದು ಸೀಸಕ್ಕಿಂತ ಹಗುರ.

ಅರ್ಧಬರ್ಧ:
ಎಲ್ಲರಿಗೂ ಥ್ಯಾಂಕ್ಸ್. ಕೆತ್ತಿದೆ. ಒಂದು ಹಂತಕ್ಕೆ ಮೀನಿನ ಥರ ಕಾಣುತ್ತಿದೆ, ದೂರದಿಂದ ನೋಡಿದರೆ. ಬಣ್ಣಕ್ಕೆ ಮುಂಚೆ ಏನು ಬಳಿಯಬೇಕು? ಮತ್ತೆ ಆ ಹುರುಪೆ ಹುರುಪೆಯಾಗಿ ಮಿಂಚುತ್ತದಲ್ಲ, ಅದನ್ನು ಹೇಗೆ ಮಾಡುತ್ತಾರೆ? ನನಗೆ ನಿಜ ಹೇಳಬೇಕೆಂದರೆ ಅದಕ್ಕೇ ಆಸೆ ಹುಟ್ಟಿದ್ದು.

ಮರಹುಳ:
ಮೊದಲು ಸೀಲ್ ಮಾಡಿ. ನೀರು ಹೆಚ್ಚಾಗಿ ಒಳಗೆ ಹೋಗುವುದು ಮೈಯಿಂದಲ್ಲ, ಕೊಕ್ಕೆಯ ತೂತು ಮತ್ತು ಲಿಪ್ಪಿನ ಸೀಳಿನಿಂದ. ಆ ಎರಡು ಜಾಗಕ್ಕೆ ತೆಳ್ಳಗಿನ ಎಪಾಕ್ಸಿ (ಎರಡು ಭಾಗ ಕಲಸಿ ಬಳಸುವ ಗಟ್ಟಿ ಅಂಟು) ಇಳಿಸಿ. ಉಳಿದ ಮೈಗೂ ತೆಳು ಎಪಾಕ್ಸಿ ಆಗುತ್ತದೆ, ಅಗಸೆ ಎಣ್ಣೆಯೂ ಆಗುತ್ತದೆ. ಎಣ್ಣೆ ಹಾಕಿದರೆ ಪೂರ್ತಿ ಒಣಗಲು ಬಿಡಬೇಕು, ಅವಸರ ಮಾಡಿದರೆ ಮೇಲಿನ ಬಣ್ಣ ಹಿಡಿಯುವುದಿಲ್ಲ. ಸೆಲ್ಯುಲೋಸ್ ಲ್ಯಾಕರ್‌ನಲ್ಲಿ ಅದ್ದಿ, ನೇತು ಹಾಕಿ, ಉಜ್ಜಿ, ಮತ್ತೆ ಅದ್ದುವುದು ಜಪಾನಿನ ಕೈಗೆಲಸದವರ ಪದ್ಧತಿ. ಅವರ ಸಣ್ಣ ಬಾಲ್ಸಾ ಮಿನ್ನೋಗಳ (ತೆಳ್ಳಗಿನ ಮೀನಿನ ಆಕಾರದ ಲೂರ್) ಮೈ ಗಾಜಿನ ಹಾಗೆ ಕಾಣುವುದಕ್ಕೆ ಆ ಪದರದ ಮೇಲೆ ಪದರವೇ ಕಾರಣ.

ಹುರುಪೆಗೆ ಎರಡು ದಾರಿ. ಸುಲಭದ್ದು, ಜಾಳಿಗೆ ಬಟ್ಟೆಯನ್ನು ಲೂರ್ ಮೈಗೆ ಬಿಗಿಯಾಗಿ ಸುತ್ತಿ ಕ್ಲಿಪ್ ಹಾಕಿ, ಮೇಲಿಂದ ಕಡು ಬಣ್ಣ ಸಿಂಪಡಿಸಿ, ಬಟ್ಟೆ ಬಿಚ್ಚುವುದು. ಬಟ್ಟೆಯ ನೂಲು ಇದ್ದಲ್ಲಿ ತಿಳಿ ಬಣ್ಣ ಉಳಿದು ಹುರುಪೆಯ ಅಂಚು ಮೂಡುತ್ತದೆ.

ನಿಮಗೆ ಬೇಕಾಗಿದ್ದು ಎರಡನೆಯದು ಅನ್ನಿಸುತ್ತದೆ. ತೆಳು ಅಲ್ಯುಮಿನಿಯಂ ಹಾಳೆಯನ್ನು ಅರದ ಮೇಲೆ ಹರಡಿ, ಮರದ ಹಿಡಿಯಿಂದ ಒತ್ತಿ ತಿಕ್ಕಬೇಕು. ಒಂದು ದಿಕ್ಕಿಗೆ ಗೀರು ಬೀಳುತ್ತದೆ. ಹಾಳೆ ಓರೆಯಾಗಿ ತಿರುಗಿಸಿ ಇನ್ನೊಮ್ಮೆ ತಿಕ್ಕಿ. ಗೀರುಗಳು ಒಂದನ್ನೊಂದು ಅಡ್ಡ ಹಾಯ್ದು ಸಣ್ಣ ಸಣ್ಣ ಚೌಕ ಮೂಡುತ್ತವೆ, ಒಂದೊಂದು ಚೌಕವೂ ಬೆಳಕನ್ನು ಬೇರೆ ಬೇರೆ ಕಡೆಗೆ ಎಸೆಯುತ್ತದೆ. ಆಮೇಲೆ ಎರಡು ಪಕ್ಕಕ್ಕೆ ಎರಡು ತುಂಡು ಕತ್ತರಿಸಿ ಅಂಟಿಸಿ. ಬೆನ್ನಿನ ಮೇಲೆ, ಹೊಟ್ಟೆಯ ಕೆಳಗೆ ಅಂಚು ಸುಕ್ಕಾಗುತ್ತದೆ. ನುಣುಪಾದ ಕಡ್ಡಿಯಿಂದ ಮಧ್ಯದಿಂದ ಹೊರಕ್ಕೆ ಒತ್ತುತ್ತಾ ಬನ್ನಿ, ಜೋರು ಮಾಡಿದರೆ ಹುರುಪೆಯೇ ಅಳಿಸಿಹೋಗುತ್ತದೆ. ಕಿವಿರಿನ ಗೆರೆಯನ್ನು ಮೊಂಡು ಮೊನೆಯಿಂದ ಒಂದೇ ಎಳೆತಕ್ಕೆ ಎಳೆಯಬೇಕು. ನಿಂತು ನಿಂತು ಎಳೆದರೆ ಹಾಳೆ ಹರಿಯುತ್ತದೆ. ಮೇಲೆ ಬೆನ್ನಿಗೆ ಮಾತ್ರ ತೆಳು ಹಸಿರೋ ಕಪ್ಪೋ ಕೊಡಿ, ಪಕ್ಕದಲ್ಲಿ ಮಿಂಚು ಹಾಗೇ ಉಳಿಯಲಿ.

ಸೀಸದಗುಂಡು:
ಇಷ್ಟೆಲ್ಲ ಮಾಡಿ ಕೊಂಬೆಗೆ ಸಿಕ್ಕಿಸಿಕೊಂಡು ಬರುವುದು. 😂

ನೀರುಕಾಗೆ:
ಅದನ್ನೇ ಕೇಳಬೇಕು ಅಂತಿದ್ದೆ. ಇಷ್ಟು ಕೆಲಸ ಹಿಡಿದ ವಸ್ತುವನ್ನು ನೀರಿಗೆ ಎಸೆಯಲು ಮನಸ್ಸು ಹೇಗೆ ಬರುತ್ತದೆ? ಹೊಟ್ಟೆ ಉರಿಯುವುದಿಲ್ಲವಾ?

ಮರಹುಳ:
ಉರಿಯುತ್ತದೆ. ಆದರೂ ಎಸೆಯುತ್ತೇನೆ. ಒಂದು ಅನುಕೂಲ ಏನೆಂದರೆ ಬಾಲ್ಸಾ ಜೋರಾಗಿ ತೇಲುವುದರಿಂದ, ಸಿಕ್ಕಿಕೊಂಡಾಗ ಲೈನ್ ಸಡಿಲ ಬಿಟ್ಟರೆ ಎಷ್ಟೋ ಸಲ ತಾನೇ ಹಿಂದಕ್ಕೆ ಎದ್ದು ಬಿಡಿಸಿಕೊಳ್ಳುತ್ತದೆ. ಜನ ಭಯಕ್ಕೆ ಇನ್ನೂ ಜೋರಾಗಿ ಎಳೆದು ಕೊಕ್ಕೆ ಒಳಗೆ ಇಳಿಸುತ್ತಾರೆ. ಎಳೆಯಬೇಡಿ, ಬಿಡಿ.

ಪೂರ್ತಿ ಹೋದರೂ ಅದರ ಅಚ್ಚು ಕಾಗದ ನನ್ನ ಹತ್ತಿರ ಇರುತ್ತದೆ, ಇನ್ನೊಂದು ಕೆತ್ತಬಹುದು. ಆದರೆ ಅದು ಅದೇ ಆಗುವುದಿಲ್ಲ. ಒಂದೇ ಹಲಗೆಯಿಂದ ತೆಗೆದ ಎರಡು ತುಂಡಿನ ತೂಕವೂ ಬೇರೆ, ಎಳೆಯೂ ಬೇರೆ. ಒಂದು ಚೆನ್ನಾಗಿ ಈಜುತ್ತದೆ. ಇನ್ನೊಂದು ಚೆನ್ನಾಗಿ ಈಜುತ್ತಾ ಈಜುತ್ತಾ ನಡುವೆ ಒಮ್ಮೆ ಪಕ್ಕಕ್ಕೆ ಜಾರಿ ತಾನೇ ದಾರಿಗೆ ಬರುತ್ತದೆ. ಅಂಥದ್ದನ್ನು ಕಂಡರೆ ಕೆತ್ತುವವರೆಲ್ಲ ಬಚ್ಚಿಟ್ಟುಕೊಳ್ಳುತ್ತಾರೆ. ಯಾಕೆ ಹಾಗೆ ಜಾರುತ್ತದೆ ಅಂತ ಅಳೆದು ಅದರಂತೆಯೇ ಇನ್ನೊಂದು ಮಾಡಲು ಹೋದರೆ ಸಿಗುವುದಿಲ್ಲ.

ಸೀಸದಗುಂಡು:
ಕಾರ್ಖಾನೆ ಭಾಷೆಯಲ್ಲಿ ಅದಕ್ಕೆ ಗುಣಮಟ್ಟ ನಿಯಂತ್ರಣ ಇಲ್ಲ ಅಂತಾರೆ. ಹತ್ತು ಲೂರ್ ಹತ್ತೂ ಒಂದೇ ಥರ ಇರುವುದು ನನಗೆ ಬೇಕು. ಇವತ್ತು ಎರಡು ಮೀಟರ್ ಆಳದಲ್ಲಿ ಮೀನು ಬಿದ್ದರೆ, ನಾಳೆ ಹೊಸದು ಕಟ್ಟಿದರೂ ಎರಡೇ ಮೀಟರಿಗೆ ಹೋಗಬೇಕು. ಅದು ಮೋಹ ಅಲ್ಲ, ಕೆಲಸ.

ಒಂದು ಮಾತ್ರ ಒಪ್ಪುತ್ತೇನೆ. ನೀರು ತಣ್ಣಗಿದ್ದು ಮೀನು ಸೋಮಾರಿ ಆಗಿರುವಾಗ, ನಿಧಾನಕ್ಕೆ ಎಳೆಯಲು ಬಾಲ್ಸಾಗೆ ಸಮನಾದ ಪ್ಲಾಸ್ಟಿಕ್ ನನ್ನ ಕಣ್ಣಿಗೆ ಬಿದ್ದಿಲ್ಲ. ಅದಕ್ಕೇ ನನ್ನ ಪೆಟ್ಟಿಗೆಯಲ್ಲೂ ಒಂದಿದೆ. ಬಟ್ಟೆಯಲ್ಲಿ ಸುತ್ತಿಲ್ಲ, ಅಷ್ಟೇ.

ಹಳೇಗಾಳ:
ಬಂತು ನೋಡಿ ನಿಜ!

ಅರ್ಧಬರ್ಧ:
ಜಗಳ ಆಮೇಲೆ ಮಾಡಿ, ನನ್ನದು ಅಡ್ಡ ಮಲಗುತ್ತಿದೆ. ನಿಧಾನಕ್ಕೆ ಎಳೆದರೆ ಓಲಾಡುತ್ತದೆ, ಸ್ವಲ್ಪ ಜೋರು ಮಾಡಿದರೆ ಎಡಕ್ಕೆ ಓಡಿ, ಮಗುಚಿ, ಮೇಲೆ ಬಂದುಬಿಡುತ್ತದೆ. ಇನ್ನೂ ಬಣ್ಣ ಹಚ್ಚಿಲ್ಲ, ಸೀಲ್ ಮಾತ್ರ ಆಗಿದೆ. ಫಾಯಿಲ್ ಕೂಡ ತೆಗೆದಿಟ್ಟಿದ್ದೆ, ಛೆ.

ಮರಹುಳ:
ಬಣ್ಣ ಹಚ್ಚುವ ಮೊದಲೇ ನೋಡಿದಿರಲ್ಲ, ಒಳ್ಳೆಯದಾಯಿತು. ಇದರಲ್ಲಿ ಎರಡು ತೊಂದರೆ ಕಲೆತಿವೆ, ಒಂದೊಂದಾಗಿ ಬಿಡಿಸಿ.

ಮೊದಲು ಕಟ್ಟುವ ಕಣ್ಣು, ಅಂದರೆ ಲೈನ್ ಕಟ್ಟುವ ಮೂಗಿನ ಉಂಗುರ. ಲೂರ್ ಹಿಂದಿನಿಂದ ನೋಡುವಾಗ ಎಡಕ್ಕೆ ಓಡಿದರೆ, ಮೂಗಿನ ಕಣ್ಣನ್ನು ಇಕ್ಕಳದಿಂದ ಬಲಕ್ಕೆ ಬಗ್ಗಿಸಿ. ಕೂದಲೆಳೆಯಷ್ಟು ಸಾಕು. ಬಗ್ಗಿಸಿ, ಎಳೆದು ನೋಡಿ, ಮತ್ತೆ ಬಗ್ಗಿಸಿ. ತಿರುಚಬೇಡಿ, ತಿರುಚಿದರೆ ಅಂಟು ಬಿಟ್ಟುಕೊಂಡು ನೀರು ಇಳಿಯುತ್ತದೆ.

ನೇರ ಓಡಿದ ಮೇಲೂ ಜೋರಿಗೆ ಮಗುಚಿದರೆ, ಆಗ ತೂಕ ಸಾಲದು ಅಥವಾ ಲಿಪ್ ದೊಡ್ಡದು. ಹೊಸದಾಗಿ ಗುಂಡಿ ತೋಡಲು ಹೋಗಬೇಡಿ. ಹೊಟ್ಟೆಯ ಕೊಕ್ಕೆಯ ಕಾಂಡಕ್ಕೆ ಬೆಸುಗೆ ತಂತಿ ಎರಡು ಸುತ್ತು ಸುತ್ತಿ ಎಳೆದು ನೋಡಿ. ಸರಿಹೋದರೆ ಅಷ್ಟೇ ತೂಕದ ಸೀಸ ಒಳಗೆ ಸೇರಿಸಿ. ಸರಿಹೋಗದಿದ್ದರೆ ಲಿಪ್ಪಿನ ಎರಡು ಪಕ್ಕವನ್ನೂ ಸಮವಾಗಿ ಅರದಿಂದ ಸವೆಸಿ, ಒಂದು ಬದಿ ಜಾಸ್ತಿ ಆಗದ ಹಾಗೆ. ಬಣ್ಣ ಮತ್ತು ಮೇಲಿನ ಎಪಾಕ್ಸಿ ಕೂಡ ತೂಕ ಸೇರಿಸುತ್ತವೆ, ಹಾಗಾಗಿ ಈಗ ಲೂರ್ ಚೂರು ಜಾಸ್ತಿ ತೇಲುತ್ತಿದ್ದರೆ ತಲೆ ಕೆಡಿಸಿಕೊಳ್ಳಬೇಡಿ.

ಅರ್ಧಬರ್ಧ:
ಕಣ್ಣು ಬಗ್ಗಿಸಿದ ಮೇಲೆ ನೇರ ಬಂತು. ತಂತಿ ಸುತ್ತಿದ ಮೇಲೆ ಮಗುಚುವುದೂ ನಿಂತಿತು. ಅಬ್ಬಾ, ಆ ಜುಮ್ ಅಂದಿರಲ್ಲ, ಅದು ಕೈಗೆ ಬಂತು ಸರ್! ಮೀನು ಮಾತ್ರ ತಿರುಗಿಯೂ ನೋಡಲಿಲ್ಲ.

ಇನ್ನೊಂದು ಕೇಳುವುದಿದೆ. ಕೊನೆಯ ಎಪಾಕ್ಸಿ ಒಂದು ಕಡೆ ಇಳಿದು ಹೊಟ್ಟೆಯ ಕೆಳಗೆ ಹನಿ ಗಟ್ಟುತ್ತದಂತೆ, ಹೌದಾ?

ಮರಹುಳ:
ಹೌದು, ನೇತು ಹಾಕಿ ಬಿಟ್ಟರೆ ಗ್ಯಾರಂಟಿ. ಅದಕ್ಕೇ ನಿಧಾನಕ್ಕೆ ತಿರುಗುವ ಮೋಟರಿಗೆ ಕಟ್ಟುತ್ತಾರೆ, ನಿಮಿಷಕ್ಕೆ ನಾಲ್ಕೈದು ಸುತ್ತು ಸಾಕು. ಮೋಟರ್ ಇಲ್ಲದಿದ್ದರೆ ಎಪಾಕ್ಸಿ ಬಿಗಿಯುವವರೆಗೆ ಪಕ್ಕದಲ್ಲೇ ಕೂತು ಆಗಾಗ ತಿರುಗಿಸುತ್ತಿರಬೇಕು. ಕಲಸುವಾಗ ನಿಧಾನಕ್ಕೆ ಕಲಸಿ, ಗುಳ್ಳೆ ಬಂದರೆ ಹೇರ್ ಡ್ರೈಯರ್ ದೂರದಿಂದ ಒಮ್ಮೆ ಹಾಯಿಸಿ. ಎರಡು ಭಾಗವೂ ಅಳತೆಗೆ ಸರಿಯಾಗಿ ಇರಲಿ, ಇಲ್ಲದಿದ್ದರೆ ವಾರವಾದರೂ ಅಂಟಂಟಾಗೇ ಇರುತ್ತದೆ.

ನೀರುಕಾಗೆ:
ಬಾಸ್‌ವುಡ್ ತುಂಡು ಎಷ್ಟು ಉದ್ದದ್ದು ತಂದರೆ ಎರಡು ಲೂರ್ ಆಗುತ್ತದೆ? ಸುಮ್ನೆ ಕೇಳಿದೆ.

ಸೀಸದಗುಂಡು:
ಇನ್ನೊಬ್ಬರು ಹೋದರು.

ಮರಹುಳ:
ಒಂದಡಿ ಉದ್ದ, ಒಂದಿಂಚು ದಪ್ಪ ತನ್ನಿ. ಹತ್ತು ಸೆಂಟಿಮೀಟರಿನ ಎರಡು ಆಗಿ, ಮಿಕ್ಕಿದ ತುಂಡಿನಲ್ಲಿ ಸೀಳು ಹಾಕುವುದನ್ನು ಅಭ್ಯಾಸ ಮಾಡಬಹುದು.